ಜೆನೋವಾದ ಓಣಿಗಳಲ್ಲಿ ಎರಡು ದಿನ: ಅಮ್ಮನ ಜೊತೆ ಹೋಗಬಹುದಾ?

ಪ್ರಶ್ನೆ: ತಂಗಿ ಇಟಲಿಯ ಟ್ಯೂರಿನ್‌ನಲ್ಲಿದ್ದಾಳೆ. ಏಪ್ರಿಲ್ ಕೊನೆಗೆ ನಾನು, ಅಮ್ಮ ಅಲ್ಲಿಗೆ ಹೋಗುತ್ತಿದ್ದೇವೆ. ಅದರಲ್ಲಿ ಎರಡು ದಿನ ಜೆನೋವಾಗೆ ಅಂತ ಇಟ್ಟಿದ್ದೇವೆ. ಅಲ್ಲಿನ ಹಳೇ ಊರಿನ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕತ್ತಲೆ, ಕೊಳಕು, ಕಳ್ಳರು ಎಂದು ಕೆಲವರು. ಅದನ್ನು ನೋಡದೆ ಬರಲೇಬೇಡಿ ಎಂದು ಇನ್ನು ಕೆಲವರು. ಅಮ್ಮನಿಗೆ 64 ವರ್ಷ, ಮಂಡಿ ನೋವಿದೆ. ಇಬ್ಬರೂ ಸಸ್ಯಾಹಾರಿಗಳು. ದಾರಿ ತಪ್ಪದೆ ಓಡಾಡಬಹುದಾ? ಏನು ನೋಡಬೇಕು, ಏನು ಬಿಡಬಹುದು?
– ಶಿವಮೊಗ್ಗದ ಓದುಗರು

ಉತ್ತರ: ಹೋಗಿ. ಅಮ್ಮನನ್ನೂ ಕರೆದುಕೊಂಡೇ ಹೋಗಿ. ಹಳೇ ಕಟ್ಟಡಗಳ ದುರಸ್ತಿ ನನ್ನ ಕೆಲಸ. ಅದನ್ನು ಕಲಿಯುವಾಗ ಜೆನೋವಾದ ಹಳೇ ಊರಿನಲ್ಲೇ ಬಾಡಿಗೆಗೆ ಇದ್ದೆ. ಆಮೇಲೂ ಹಲವು ಸಲ ಹೋಗಿ ಬಂದಿದ್ದೇನೆ. ನಿಮಗೆ ಹೇಳಿದ ಇಬ್ಬರ ಮಾತೂ ಸುಳ್ಳಲ್ಲ. ಅಲ್ಲಿ ಕತ್ತಲೆ ಇದೆ, ಕೆಲವು ಮೂಲೆಗಳಲ್ಲಿ ಕೊಳಕೂ ಇದೆ. ಆದರೆ ಆ ಕತ್ತಲೆ ಯಾಕೆ ಎಂದು ತಿಳಿದರೆ ಅರ್ಧ ಊರು ಅರ್ಥವಾದಂತೆ.

ಜೆನೋವಾದ ಮುಂದೆ ಸಮುದ್ರ, ಬೆನ್ನಿಗೆ ಬೆಟ್ಟ. ನಡುವೆ ಇರುವುದು ಒಂದು ಪಟ್ಟಿ ನೆಲ ಅಷ್ಟೇ. ಬಂದರಿನ ವ್ಯಾಪಾರ ಬೆಳೆಯಿತು, ಜನ ಬಂದು ಸೇರಿದರು. ಮನೆಗಳು ಅಗಲಕ್ಕೆ ಹರಡಲು ಜಾಗವಿಲ್ಲದೆ ಮೇಲಕ್ಕೆ ಎದ್ದವು. ಆರು, ಏಳು ಮಹಡಿ. ನಡುವೆ ಉಳಿದ ಸಂದಿಗಳೇ ಬೀದಿಗಳು. ಅವಕ್ಕೆ ಅಲ್ಲಿಯವರು ‘ಕರೂಜಿ’ ಎನ್ನುತ್ತಾರೆ. ಕೆಲವು ಕಡೆ ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ. ಬಿಸಿಲು ನೆಲ ಮುಟ್ಟುವುದು ನಡುಮಧ್ಯಾಹ್ನ ಸ್ವಲ್ಪ ಹೊತ್ತು ಮಾತ್ರ. ಇಂಥ ಓಣಿಗಳ ಹಳೇ ಊರು ಸುಮಾರು 113 ಹೆಕ್ಟೇರ್, ಅಂದರೆ 280 ಎಕರೆ ಹತ್ತಿರ ಹರಡಿದೆ. ಯುರೋಪಿನ ಅತಿ ದೊಡ್ಡ ಹಳೇ ಊರುಗಳಲ್ಲಿ ಅದೂ ಒಂದು. ಇದು ನೋಡಲಿಕ್ಕೆಂದು ಇಟ್ಟ ಊರಲ್ಲ. ಮೇಲೆ ಬಟ್ಟೆ ಒಣಗುತ್ತಿರುತ್ತದೆ, ಕೆಳಗೆ ಮೀನು, ಸೊಪ್ಪು ಮಾರುತ್ತಿರುತ್ತಾರೆ. ಆದ್ದರಿಂದ ಪಟ್ಟಿ ಹಿಡಿದು ಒಂದೊಂದೇ ಜಾಗಕ್ಕೆ ಗುರುತು ಹಾಕುತ್ತಾ ಓಡಬೇಡಿ. ನಿಧಾನವಾಗಿ ನಡೆಯಿರಿ, ಆಗಾಗ ನಿಂತು ತಲೆ ಎತ್ತಿ ನೋಡಿ. ಈ ಊರಿನ ಒಳ್ಳೆಯದೆಲ್ಲ ಕಣ್ಣಿನ ಮಟ್ಟಕ್ಕಿಂತ ಮೇಲಿದೆ.

ಮೊದಲು ದಾರಿಯ ವಿಷಯ. ಫೋನಿನ ಮ್ಯಾಪ್ ನೆಚ್ಚಿಕೊಳ್ಳಬೇಡಿ. ಅಷ್ಟು ಎತ್ತರದ ಗೋಡೆಗಳ ನಡುವೆ ನೀಲಿ ಚುಕ್ಕೆ ಒಂದು ಓಣಿಯಿಂದ ಪಕ್ಕದ ಓಣಿಗೆ ಹಾರುತ್ತಿರುತ್ತದೆ. ಅದಕ್ಕಿಂತ ನಿಮ್ಮ ಕಾಲನ್ನೇ ನಂಬಿ. ಇಳಿಜಾರು ಕಂಡರೆ ಅದು ಬಂದರಿನ ಕಡೆ, ಏರು ಕಂಡರೆ ಬೆಟ್ಟದ ಕಡೆ. ದಾರಿ ತಪ್ಪಿದೆ ಅನ್ನಿಸಿದಾಗ ಸುಮ್ನೆ ಇಳಿಜಾರು ಹಿಡಿಯಿರಿ, ಸ್ವಲ್ಪ ಹೊತ್ತಿಗೆ ಬಂದರು ಸಿಗುತ್ತದೆ. ಬೀದಿಯ ಹೆಸರನ್ನೂ ಓದಿ. ‘ವೀಕೊ’ ಎಂದಿದ್ದರೆ ಸಣ್ಣ ಓಣಿ. ‘ಸಲೀಟಾ’ ಎಂದಿದ್ದರೆ ಏರು. ಅಮ್ಮನ ಮಂಡಿಗೆ ಈ ಒಂದು ಪದ ಗೊತ್ತಿದ್ದರೆ ಸಾಕು. ಫಲಕದಲ್ಲಿ ‘ಸಲೀಟಾ’ ಕಂಡ ಕಡೆ ಬೇರೆ ದಾರಿ ಹುಡುಕಿ.

ಇನ್ನೊಂದು ಮಾತು, ಮನೆ ನಂಬರಿನದು. ಜೆನೋವಾದಲ್ಲಿ ಒಂದೇ ಬೀದಿಗೆ ಎರಡು ಸಾಲು ನಂಬರು. ಮನೆಗಳಿಗೆ ಕಪ್ಪು, ಅಂಗಡಿ ಹೋಟೆಲುಗಳಿಗೆ ಕೆಂಪು. ಎರಡೂ ಬೇರೆ ಬೇರೆಯಾಗಿ ಎಣಿಸಿಕೊಂಡು ಹೋಗುತ್ತವೆ. ಕೆಂಪು 12ಕ್ಕೂ ಕಪ್ಪು 12ಕ್ಕೂ ಸಂಬಂಧವೇ ಇಲ್ಲ. ನಾನು ಹೋದ ಹೊಸದರಲ್ಲಿ ಒಂದು ಅಂಗಡಿ ಹುಡುಕಿಕೊಂಡು ಹೋಗಿ ಯಾರದೋ ಮನೆ ಬಾಗಿಲ ಬೆಲ್ಲು ಒತ್ತುತ್ತಾ ನಿಂತಿದ್ದೆ. ಮೂರನೇ ಮಹಡಿಯಿಂದ ಒಬ್ಬ ಅಜ್ಜಿ ಕಿಟಕಿ ತೆಗೆದು ‘ರೋಸ್ಸೊ! ರೋಸ್ಸೊ!’ ಎಂದು ಕೂಗಿ, ಕೈ ಬೀಸಿ ಬೀದಿಯ ಆ ತುದಿ ತೋರಿಸಿದರು. ರೋಸ್ಸೊ ಎಂದರೆ ಕೆಂಪು. ವಿಳಾಸದಲ್ಲಿ ನಂಬರಿನ ಪಕ್ಕ ‘ಆರ್’ ಅಕ್ಷರ ಇದ್ದರೆ ಅದು ಕೆಂಪು ನಂಬರು. ಉಳಿಯುವ ಜಾಗ, ಊಟದ ಜಾಗ ಹುಡುಕುವಾಗ ಇದು ಬಹಳ ಉಪಯೋಗಕ್ಕೆ ಬರುತ್ತದೆ.

ಮೊದಲ ದಿನ ಬೆಳಿಗ್ಗೆ ಓಣಿಗೆ ಇಳಿಯುವ ಮೊದಲು ಊರನ್ನು ಮೇಲಿನಿಂದ ನೋಡಿಬಿಡಿ. ಪೊರ್ಟೆಲ್ಲೊ ಚೌಕದಲ್ಲಿ ಒಂದು ಸುರಂಗ ಇದೆ. ಅದರ ಕೊನೆಗೆ ನೂರು ವರ್ಷಕ್ಕೂ ಹಳೆಯ ಸಾರ್ವಜನಿಕ ಲಿಫ್ಟು. ಬಸ್ಸಿನಂತೆ ಇದೂ ಊರಿನ ಸಾರಿಗೆಯ ಭಾಗ. ಅದರಲ್ಲಿ ಕಸ್ತೆಲ್ಲೆತ್ತೊ ಎಂಬ ದಿಣ್ಣೆಗೆ ಹೋಗಿ. ಅಲ್ಲಿ ಕಟ್ಟೆಗೆ ಒರಗಿ ನಿಂತರೆ ಇಡೀ ಹಳೇ ಊರು ಕಾಲ ಕೆಳಗೆ. ವಿಚಿತ್ರ ಏನೆಂದರೆ, ಅಲ್ಲಿಂದ ಬೀದಿಯೇ ಕಾಣುವುದಿಲ್ಲ. ಬೂದು ಬಣ್ಣದ ಮಾಡುಗಳು ಒಂದಕ್ಕೊಂದು ಅಂಟಿಕೊಂಡಂತೆ ಇರುತ್ತವೆ. ಅಲ್ಲಲ್ಲಿ ಚರ್ಚಿನ ಗೋಪುರ, ಆಚೆಗೆ ಹಡಗಿನ ಕ್ರೇನುಗಳು, ಬಲಕ್ಕೆ ದೂರದಲ್ಲಿ ‘ಲಂತೆರ್ನಾ’ ದೀಪಸ್ತಂಭ. ಈಗಿರುವ ಸ್ತಂಭ 1543ರದು, ಎತ್ತರ 77 ಮೀಟರ್. ಆ ಮಾಡುಗಳಿಗೆ ಹೊದಿಸಿರುವುದು ಸ್ಲೇಟು ಕಲ್ಲು. ನಾವೆಲ್ಲ ಬಳಪ ಹಿಡಿದು ಅ ಆ ಬರೆದ ಅದೇ ಸ್ಲೇಟು. ಜೆನೋವಾದ ಪೂರ್ವಕ್ಕೆ ಲವಾನ್ಯಾ ಎಂಬ ಊರಿದೆ, ಅದರ ಹಿಂದಿನ ಬೆಟ್ಟಗಳಲ್ಲಿ ಈ ಕಲ್ಲು ಸಿಗುತ್ತದೆ. ಇಟಲಿಯಲ್ಲಿ ಶಾಲೆಯ ಕಪ್ಪು ಹಲಗೆಗೂ ‘ಲವಾನ್ಯಾ’ ಎಂದೇ ಹೆಸರು.

ಇಳಿಯುವಾಗಲೂ ಲಿಫ್ಟಿನಲ್ಲೇ ಇಳಿಯಿರಿ. ಕೆಳಗಿಳಿಯುವ ದಾರಿ ಚೆನ್ನಾಗಿದೆ, ನಡೆಯೋಣ ಎಂದು ಮನಸ್ಸಾಗುತ್ತದೆ. ಮಂಡಿ ನೋವಿರುವವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಜಾಸ್ತಿ ಕಷ್ಟ, ಅಲ್ವಾ? ಮಳೆ ಬಿದ್ದಿದ್ದರೆ ಕಲ್ಲು ಜಾರುತ್ತದೆ ಬೇರೆ. ಅಮ್ಮನಿಗೆ ಒಳ್ಳೆ ಹಿಡಿತದ ಶೂ ಹಾಕಿಸಿ, ಚಪ್ಪಲಿ ಬೇಡ.

ಲಿಫ್ಟಿನ ಹತ್ತಿರವೇ ಗರಿಬಾಲ್ದಿ ಬೀದಿ. ಸಮತಟ್ಟಾಗಿದೆ, ವಾಹನ ಇಲ್ಲ. ಉದ್ದ ಸುಮಾರು 250 ಮೀಟರ್. 16ನೇ ಶತಮಾನದಲ್ಲಿ ಊರಿನ ಅತಿ ಶ್ರೀಮಂತ ಮನೆತನಗಳು ಓಣಿಗಳ ಇಕ್ಕಟ್ಟಿನಿಂದ ಹೊರಬಂದು ಇಲ್ಲಿ ಸಾಲಾಗಿ ಅರಮನೆ ಕಟ್ಟಿಸಿಕೊಂಡವು. ಜೆನೋವಾ ಆಗ ಗಣರಾಜ್ಯ. ರಾಜನಿಲ್ಲ, ರಾಜನ ಅರಮನೆಯೂ ಇಲ್ಲ. ಹೊರಗಿನ ರಾಜರೋ ರಾಯಭಾರಿಗಳೋ ಬಂದರೆ ಉಳಿಸುವುದು ಎಲ್ಲಿ? ಅದಕ್ಕೆ 1576ರಲ್ಲಿ ಒಂದು ಪಟ್ಟಿ ಮಾಡಿದರು. ಯಾರ ಮನೆ ಎಷ್ಟು ದೊಡ್ಡದು, ಎಂಥ ಅತಿಥಿಗೆ ಯೋಗ್ಯ ಎಂದು ದರ್ಜೆ ಹಾಕಿದರು. ಅತಿಥಿ ಬಂದಾಗ ಆ ಪಟ್ಟಿಯ ಮನೆಯವರೇ ಇಳಿಸಿಕೊಂಡು ಉಪಚರಿಸಬೇಕು. ಆ ಪಟ್ಟಿಗೆ ‘ರೋಲ್ಲಿ’ ಎಂದು ಹೆಸರು. ಅಂಥ 42 ಅರಮನೆಗಳನ್ನು ಯುನೆಸ್ಕೊ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಎಲ್ಲವನ್ನೂ ನೋಡಲು ಹೋಗಬೇಡಿ. ರೋಸ್ಸೊ, ಬಿಯಾಂಕೊ, ತುರ್ಸಿ ಎಂಬ ಮೂರು ಈಗ ಮ್ಯೂಸಿಯಂ ಆಗಿವೆ. ಒಂದನ್ನೇ ನೋಡುವುದಾದರೆ ತುರ್ಸಿ ನೋಡಿ. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಒಂದು ಪಿಟೀಲಿದೆ. ಕ್ರೆಮೋನಾದ ಗ್ವಾರ್ನೇರಿ ಅದನ್ನು 1743ರಲ್ಲಿ ಮಾಡಿದ್ದು. ನುಡಿಸುತ್ತಿದ್ದವನು ಹೆಸರಾಂತ ಪಿಟೀಲುವಾದಕ ಪಗನೀನಿ. ದನಿ ಅಷ್ಟು ಗಟ್ಟಿ ಎಂದು ಅದಕ್ಕೆ ‘ಫಿರಂಗಿ’ ಎಂದು ಹೆಸರಿಟ್ಟಿದ್ದ. ಸಾಯುವ ಮೊದಲು ತನ್ನ ಹುಟ್ಟೂರಿಗೇ ಬರೆದುಕೊಟ್ಟ.

ಇಲ್ಲಿ ನನಗೆ ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ. ಪಿಟೀಲನ್ನು ಇಷ್ಟು ಜೋಪಾನ ಮಾಡಿದ ಊರು, ಅವನು ಹುಟ್ಟಿದ ಮನೆಯನ್ನು 1971ರಲ್ಲಿ ಕೆಡವಿತು. ಮನೆ ಒಂದೇ ಅಲ್ಲ, ಮಾದ್ರೆ ದಿ ದೀಯೊ ಎಂಬ ಇಡೀ ಕೇರಿಯೇ ಹೋಯಿತು. ಅಲ್ಲೀಗ ಕಚೇರಿ ಕಟ್ಟಡಗಳಿವೆ. ಎರಡನೇ ಮಹಾಯುದ್ಧದ ಬಾಂಬಿಗೆ ಮುರಿದ ಹಳೇ ಊರನ್ನು ಆಮೇಲೆ ಬಹಳ ವರ್ಷ ಯಾರೂ ಕೇಳಲಿಲ್ಲ. ‘ಜೆನೋವಾ ಕೊಳಕು’ ಎಂಬ ಮಾತು ಗಟ್ಟಿಯಾಗಿದ್ದು ಆ ಕಾಲದಲ್ಲಿ. 1992ರಲ್ಲಿ ಕೊಲಂಬಸ್ ಯಾನದ 500ನೇ ವರ್ಷಕ್ಕೆಂದು ಹಳೇ ಬಂದರನ್ನು ವಾಸ್ತುಶಿಲ್ಪಿ ರೆನ್ಜೊ ಪಿಯಾನೊ ಹೊಸದಾಗಿ ರೂಪಿಸಿದರು. ಅವರು ಇದೇ ಊರಿನವರು. ಅಲ್ಲಿಂದ ದುರಸ್ತಿಗೆ ಚಾಲನೆ ಸಿಕ್ಕಿತು. ಇನ್ನೂ ಮುಗಿದಿಲ್ಲ. ಒಂದು ಓಣಿಯಲ್ಲಿ ಹೊಸ ಸುಣ್ಣ, ಪಕ್ಕದ ಓಣಿಯಲ್ಲಿ ಉದುರುವ ಗಾರೆ. ಎರಡನ್ನೂ ನೋಡುತ್ತೀರಿ.

ಗರಿಬಾಲ್ದಿ ಬೀದಿಯಿಂದ ಬಂದರಿನ ಕಡೆಗೆ ಇಳಿಜಾರು ಸಣ್ಣದು, ಅಮ್ಮ ನಡೆಯಬಲ್ಲರು. ಮಚೆಲ್ಲಿ ದಿ ಸೊಜೀಲ್ಯಾ ಓಣಿಯಲ್ಲಿ ಹೋಗಿ. ಮಚೆಲ್ಲಿ ಎಂದರೆ ಮಾಂಸದ ಅಂಗಡಿಗಳು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಲ್ಲಿಂದ ಒರೆಫಿಚಿ ಬೀದಿ, ಅಂದರೆ ಅಕ್ಕಸಾಲಿಗರ ಬೀದಿ. ಬೆಂಗಳೂರಿನ ಅಕ್ಕಿಪೇಟೆ, ಬಳೇಪೇಟೆಗಳ ಹಾಗೆ ಇಲ್ಲೂ ಕಸುಬಿನಿಂದಲೇ ಬೀದಿಗೆ ಹೆಸರು. ಕೊನೆಗೆ ಬಾಂಕಿ ಚೌಕ ಬರುತ್ತದೆ. ಹಣ ಬದಲಾಯಿಸುವವರು ಬೆಂಚು ಹಾಕಿಕೊಂಡು ಕೂರುತ್ತಿದ್ದ ಜಾಗ. ಅಲ್ಲಿನ ಸ್ಯಾನ್ ಪಿಯೆತ್ರೊ ಚರ್ಚನ್ನು ಸ್ವಲ್ಪ ಗಮನಿಸಿ. ಚರ್ಚು ಮೇಲೆ, ಕೆಳಗೆ ಅಂಗಡಿಗಳು. ಕಟ್ಟುವಾಗ ಹಣ ಸಾಲದೆ ಕೆಳಗಿನ ಅಂಗಡಿಗಳ ದುಡ್ಡಿನಿಂದಲೇ ಮೇಲೆ ಚರ್ಚು ಎಬ್ಬಿಸಿದರು. ವ್ಯಾಪಾರಿಗಳ ಊರು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈಗ ಗೋಡೆಗಳು. ನಾನು ಜೆನೋವಾಗೆ ಹೋಗುವುದೇ ಇದಕ್ಕೆ. ಬೀದಿಯ ಮಟ್ಟದಲ್ಲಿ ಗೋಡೆಯೊಳಗೆ ಹುದುಗಿದ ಕಂಬ, ಚೂಪು ಕಮಾನು ಕಾಣುತ್ತವೆ. ಕಮಾನಿನ ಒಳಗೆ ಇಟ್ಟಿಗೆ ತುಂಬಿ ಮುಚ್ಚಿರುತ್ತಾರೆ. ಒಂದು ಕಾಲಕ್ಕೆ ಅದು ತೆರೆದ ಜಗಲಿ. ದೊಡ್ಡ ಮನೆತನದ ನೆಂಟರಿಷ್ಟರೆಲ್ಲ ಒಂದೇ ಕಡೆ ಗುಂಪಾಗಿ ಮನೆ ಕಟ್ಟಿಕೊಳ್ಳುತ್ತಿದ್ದರು. ನಡುವೆ ಒಂದು ಸಣ್ಣ ಅಂಗಳ, ಪಕ್ಕದಲ್ಲಿ ಅವರದೇ ಚರ್ಚು, ಕೆಳಗೆ ಈ ಜಗಲಿ. ವ್ಯವಹಾರ, ಹರಟೆ, ಮದುವೆಯ ಮಾತು ಎಲ್ಲ ಅಲ್ಲೇ. ಮುಂದೆ ಜಾಗ ಸಾಲದೆ ಜಗಲಿಗಳನ್ನೂ ಮುಚ್ಚಿ ಅಂಗಡಿ, ಕೋಣೆ ಮಾಡಿಕೊಂಡರು. ಹಾಗೇ ಮೇಲೆ ನೋಡಿ, ಎದುರುಬದುರು ಮನೆಗಳ ನಡುವೆ ಸಣ್ಣ ಕಮಾನುಗಳಿರುತ್ತವೆ. ಅವು ಸೇತುವೆಯಲ್ಲ. ಗೋಡೆಗಳು ಒಂದರ ಮೇಲೊಂದು ವಾಲದಂತೆ ಕೊಟ್ಟ ಊರೆಗೋಲು.

ಇಂಥ ಮನೆತನದ ಅಂಗಳ ಸರಿಯಾಗಿ ಉಳಿದಿರುವುದು ಸ್ಯಾನ್ ಮತ್ತೇಯೊ ಚೌಕದಲ್ಲಿ. ಅದು ದೋರಿಯಾ ಮನೆತನದ್ದು. ನಾಲ್ಕೂ ಕಡೆ ಕಪ್ಪು ಬಿಳಿ ಪಟ್ಟೆಯ ಕಟ್ಟಡಗಳು, ಒಂದು ಪುಟ್ಟ ಚರ್ಚು. ಚರ್ಚಿನ ಮುಂಗೋಡೆಯ ಬಿಳಿ ಪಟ್ಟೆಗಳಲ್ಲಿ ಲ್ಯಾಟಿನ್ ಅಕ್ಷರ ಕೆತ್ತಿದ್ದಾರೆ. ದೋರಿಯಾಗಳು ಗೆದ್ದ ನೌಕಾಯುದ್ಧಗಳ ವಿವರ ಅದು. 1284ರಲ್ಲಿ ಪೀಸಾವನ್ನು, 1298ರಲ್ಲಿ ಕುರ್ಜೊಲಾ ಬಳಿ ವೆನಿಸನ್ನು ಸೋಲಿಸಿದ್ದೂ ಅದರಲ್ಲಿದೆ. ವೆನಿಸಿನ ಮಾರ್ಕೊ ಪೋಲೊ ಸೆರೆಸಿಕ್ಕಿ ಜೆನೋವಾಗೆ ಬಂದದ್ದು ಆ ಯುದ್ಧಗಳ ಕಾಲದಲ್ಲೇ. ಜೈಲಿನಲ್ಲಿ ಜೊತೆಗಿದ್ದ ಕೈದಿಗೆ ತನ್ನ ಪ್ರಯಾಣದ ಕತೆ ಹೇಳಿ ಬರೆಸಿದ. ಆ ಜೈಲು ಬಂದರಿನ ಮುಂದಿನ ಸ್ಯಾನ್ ಜೋರ್ಜೊ ಅರಮನೆ ಎಂದು ಊರಿನವರು ಹೇಳುತ್ತಾರೆ. 1260ರಲ್ಲಿ ಕಟ್ಟಿದ ಆ ಅರಮನೆ ಈಗಲೂ ಇದೆ. ಚೌಕದ ಬಾಗಿಲುಗಳ ಮೇಲೆ ಕಣ್ಣಾಡಿಸಿದರೆ ಸೇಂಟ್ ಜಾರ್ಜ್ ಕುದುರೆ ಮೇಲೆ ಕೂತು ಡ್ರ್ಯಾಗನ್ ಕೊಲ್ಲುವ ಕೆತ್ತನೆಯೂ ಸಿಗುತ್ತದೆ. ಈ ಚೌಕದಲ್ಲಿ ಅಮ್ಮನನ್ನು ಮೆಟ್ಟಿಲ ಮೇಲೆ ಕೂರಿಸಿ ಹತ್ತು ನಿಮಿಷ ಸುಮ್ಮನಿರಿ. ಗದ್ದಲವೇ ಇಲ್ಲದ ಜಾಗ.

ಓಣಿಯ ಮೂಲೆಗಳಲ್ಲಿ ಮೇರಿ ಮಾತೆಯ ಪುಟ್ಟ ಗೂಡುಗಳು ಕಾಣುತ್ತವೆ. ಸುತ್ತ ಗಾರೆಯ ಹೂಬಳ್ಳಿ, ದೇವದೂತರು. ಅಲ್ಲಿಯವರು ಪ್ರೀತಿಯಿಂದ ‘ಮದೊನ್ನೆತ್ತೆ’ ಎನ್ನುತ್ತಾರೆ. ಬೀದಿದೀಪ ಇಲ್ಲದ ಕಾಲಕ್ಕೆ ಈ ಗೂಡಿನ ಮುಂದೆ ಹಚ್ಚಿದ ದೀಪವೇ ಓಣಿಗೂ ಬೆಳಕು. ನಿಮ್ಮ ಅಮ್ಮನಿಗೆ ಇದನ್ನು ವಿವರಿಸಬೇಕಾಗಿಲ್ಲ.

ಊಟದ ಚಿಂತೆ ಬಿಡಿ. ಇಟಲಿಯಲ್ಲಿ ಸಸ್ಯಾಹಾರಿಗೆ ಇಷ್ಟು ಅನುಕೂಲದ ಊರು ನನಗೆ ಬೇರೆ ಸಿಕ್ಕಿಲ್ಲ. ಮೊದಲು ಫರಿನಾಟಾ ತಿನ್ನಿ. ಕಾಬೂಲಿ ಕಡಲೆಯ ಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಅಷ್ಟೇ. ಹಿಟ್ಟು ಕಲಸಿ ಕೆಲವು ಗಂಟೆ ನೆನೆಯಲು ಬಿಡುತ್ತಾರೆ. ಮೇಲೆ ಬಂದ ನೊರೆ ತೆಗೆಯುತ್ತಾರೆ. ಆಮೇಲೆ ಗಾಡಿಯ ಚಕ್ರದಷ್ಟು ಅಗಲದ ತಾಮ್ರದ ತಟ್ಟೆಗೆ ತೆಳ್ಳಗೆ ಹೊಯ್ದು ಸೌದೆ ಒಲೆಯೊಳಗೆ ತಳ್ಳುತ್ತಾರೆ. ತಟ್ಟೆಗೆ ಕಲಾಯಿ ಹಾಕಿಸಿರುತ್ತಾರೆ, ಥೇಟ್ ನಮ್ಮ ಹಳೇ ಪಾತ್ರೆಗಳ ಹಾಗೆ. ಹೊರಗೆ ಬಂದಾಗ ಮೇಲೆ ಕೆಂಪಗೆ ಗರಿ, ಒಳಗೆ ಮೆತ್ತಗೆ. ಕತ್ತರಿಸಿ ಕಾಗದದಲ್ಲಿ ಹಾಕಿ ಕೊಡುತ್ತಾರೆ. ಬಿಸಿ ಇದ್ದಾಗಲೇ ಕಾಳುಮೆಣಸಿನ ಪುಡಿ ಉದುರಿಸಿ ತಿನ್ನಿ. ಆರಿದರೆ ರುಚಿ ಹೋಯಿತು. ‘ಬಿಯಾಂಕೆತ್ತಿ’ ಎಂದು ಬರೆದಿದ್ದರೆ ಮಾತ್ರ ಬೇಡ, ಅದು ಮೀನಿನ ಮರಿ. ಇದೇ ಹಿಟ್ಟನ್ನು ಕಾಸಿ, ಗಟ್ಟಿ ಮಾಡಿ, ಕತ್ತರಿಸಿ ಕರಿದರೆ ‘ಪನಿಸ್ಸಾ’. ಚೆನ್ನಾಗಿರುತ್ತದೆ, ಆದರೆ ಇಂಥ ಅಂಗಡಿಗಳಲ್ಲಿ ಮೀನನ್ನೂ ಕರಿಯುತ್ತಾರೆ. ಎಣ್ಣೆ ಅದೇನಾ ಎಂದು ಕೇಳಿಕೊಳ್ಳಿ.

ಮಧ್ಯಾಹ್ನಕ್ಕೆ ಪೆಸ್ಟೊ. ಪೆಸ್ಟೊ ಹುಟ್ಟಿದ್ದೇ ಈ ನೆಲದಲ್ಲಿ. ಪುಟ್ಟ ಎಲೆಯ ತುಳಸಿ ಜಾತಿಯ ಬೇಸಿಲ್, ಬೆಳ್ಳುಳ್ಳಿ, ಪೈನ್ ಬೀಜ, ಆಲಿವ್ ಎಣ್ಣೆ, ಚೀಸ್. ಅಮೃತಶಿಲೆಯ ಒರಳಲ್ಲಿ ಮರದ ಒನಕೆಯಿಂದ ಅರೆಯುವುದು ಹಳೇ ಕ್ರಮ. ಬೇಯಿಸಿದ ಆಲೂಗಡ್ಡೆ, ಹುರುಳಿಕಾಯಿ ಸೇರಿಸಿದ ಪಾಸ್ತಾಕ್ಕೆ ಇದನ್ನು ಕಲಸಿ ಕೊಡುತ್ತಾರೆ. ಒಂದು ವಿಷಯ ಮುಚ್ಚಿಡಬಾರದು: ಇದಕ್ಕೆ ಹಾಕುವ ಪಾರ್ಮಿಜಾನೊ ಚೀಸ್‌ಗೆ ಹಾಲು ಹೆಪ್ಪಾಗಲು ಕರುವಿನ ಹೊಟ್ಟೆಯ ಅಂಶ ಬಳಸುತ್ತಾರೆ. ಅಮ್ಮನಿಗೆ ಅದು ಆಗದು ಎಂದರೆ ‘ಸೆನ್ಸಾ ಫೋರ್ಮಾಜ್ಜೊ’, ಅಂದರೆ ಚೀಸ್ ಬೇಡ, ಎಂದು ಹೇಳಿ. ಆದರೆ ಪೆಸ್ಟೊವನ್ನು ಮೊದಲೇ ಅರೆದಿಟ್ಟಿದ್ದರೆ ಚೀಸ್ ಬಿಟ್ಟು ಕೊಡಲಾಗುವುದಿಲ್ಲ. ಆಗ ಟೊಮೆಟೊ ಸಾಸಿನ ಪಾಸ್ತಾ ಕೇಳಿ.

ಕಳ್ಳರು, ಭಯದ ಮಾತು. ಹಗಲಿನಲ್ಲಿ ನೀವು ಹೋಗುವ ಬೀದಿಗಳಲ್ಲಿ ಹೆದರಬೇಕಾಗಿಲ್ಲ. ಜನಜಂಗುಳಿಯಲ್ಲಿ ಪರ್ಸು, ಪಾಸ್‌ಪೋರ್ಟು ಮುಂದಕ್ಕೆ ಇಟ್ಟುಕೊಳ್ಳಿ, ಅಷ್ಟು ಎಚ್ಚರ ಸಾಕು. ಕತ್ತಲಾದ ಮೇಲೆ ಪ್ರೇ ಬೀದಿಯ ಸುತ್ತಿನ ಓಣಿಗಳು, ಮದ್ದಲೇನಾ ಕೇರಿಯ ಸಣ್ಣ ಸಂದಿಗಳು ಬೇಡ. ಮದ್ದಲೇನಾದಲ್ಲಿ ಹಗಲಿನಲ್ಲೂ ಬಾಗಿಲ ಬಳಿ ಗಿರಾಕಿಗಾಗಿ ಕಾಯುವ ಹೆಂಗಸರು ಕಾಣಬಹುದು. ಅವರು ನಿಮ್ಮ ತಂಟೆಗೆ ಬರುವುದಿಲ್ಲ. ದಯವಿಟ್ಟು ಫೋಟೊ ತೆಗೆಯಬೇಡಿ. ಪ್ರೇ ಬೀದಿಯನ್ನು ಹಗಲು ನೋಡುವುದಕ್ಕೆ ನನ್ನ ಅಡ್ಡಿಯಿಲ್ಲ. ಹೊರದೇಶದಿಂದ ಬಂದು ನೆಲೆಸಿದವರ ಅಂಗಡಿಗಳು ಅಲ್ಲಿ ಸಾಲುಸಾಲು.

ಎರಡನೇ ದಿನಕ್ಕೆ ಕಡಿಮೆ ಇಟ್ಟುಕೊಳ್ಳಿ. ಬೆಳಿಗ್ಗೆ ಸ್ಯಾನ್ ಲೊರೆನ್ಜೊ ಕ್ಯಾಥೆಡ್ರಲ್. ಒಳಗೆ ಬಲಬದಿಯಲ್ಲಿ ಒಂದು ದೊಡ್ಡ ಫಿರಂಗಿ ಗುಂಡು ನಿಲ್ಲಿಸಿದ್ದಾರೆ. 1941ರ ಫೆಬ್ರವರಿ 9ರಂದು ಬ್ರಿಟಿಷ್ ಯುದ್ಧನೌಕೆಗಳು ಊರಿನ ಮೇಲೆ ಹಾರಿಸಿದ್ದರಲ್ಲಿ ಒಂದು. 381 ಮಿಲಿಮೀಟರ್ ಅಗಲದ ಗುಂಡು ಚರ್ಚಿನೊಳಗೆ ಬಿತ್ತು, ಸಿಡಿಯಲಿಲ್ಲ. ಪಕ್ಕದ ಮ್ಯೂಸಿಯಂನಲ್ಲಿ 16ನೇ ಶತಮಾನದ ನೀಲಿ ಲಿನನ್ ಬಟ್ಟೆಗಳಿವೆ, ಮೇಲೆ ಬಿಳಿ ಬಣ್ಣದಲ್ಲಿ ಯೇಸುವಿನ ಕಡೆಯ ದಿನಗಳ ಚಿತ್ರ. ಜೆನೋವಾಗೆ ಫ್ರೆಂಚರು ‘ಜೆನ್’ ಎನ್ನುತ್ತಾರೆ. ಜೀನ್ಸ್ ಎಂಬ ಹೆಸರು ಬಂದದ್ದು ಅದರಿಂದ.

ಆಮೇಲೆ ಸೊಪ್ರಾನಾ ದ್ವಾರ. 12ನೇ ಶತಮಾನದಲ್ಲಿ ಚಕ್ರವರ್ತಿ ಬಾರ್ಬರೊಸ್ಸಾ ಮೇಲೆ ಬೀಳುತ್ತಾನೆ ಎಂಬ ಹೆದರಿಕೆಯಲ್ಲಿ ಕಟ್ಟಿದ ಕೋಟೆಯ ಬಾಗಿಲು. ಒಳಗಿನ ಕಲ್ಲಿನಲ್ಲಿ ದ್ವಾರವೇ ಮಾತಾಡುತ್ತದೆ: ಶಾಂತಿ ತಂದರೆ ಈ ಬಾಗಿಲು ಮುಟ್ಟಬಹುದು, ಯುದ್ಧ ಬಯಸಿ ಬಂದರೆ ಸೋತು ಸಪ್ಪೆ ಮುಖ ಹಾಕಿಕೊಂಡು ಮರಳುತ್ತೀಯೆ. ಪಕ್ಕದಲ್ಲೇ ಕೊಲಂಬಸ್ ಮನೆ ಎಂದು ತೋರಿಸುತ್ತಾರೆ. ಮೂಲ ಮನೆ 1684ರಲ್ಲಿ ಫ್ರೆಂಚರ ಗುಂಡಿನ ದಾಳಿಗೆ ಹಾಳಾಯಿತು. ಈಗಿರುವುದು ಆಮೇಲೆ ಕಟ್ಟಿದ್ದು. ಹೊರಗಿನಿಂದ ನೋಡಿದರೆ ಸಾಕು. ದೊಡ್ಡ ಅಕ್ವೇರಿಯಂ ಕೂಡ ಬಿಡಿ. ಚೆನ್ನಾಗಿದೆ, ಆದರೆ ಅರ್ಧ ದಿನ ತಿನ್ನುತ್ತದೆ.

ಸಂಜೆಗೆ ಸೊತ್ತೊರೀಪಾ. ಬಂದರಿನ ಎದುರಿನ ಕಮಾನುಗಳ ಸಾಲು, 12ನೇ ಶತಮಾನದ್ದು. ಆಗ ನೀರು ಇಲ್ಲಿಯವರೆಗೂ ಬರುತ್ತಿತ್ತು, ಹಡಗಿನ ಸರಕನ್ನು ಈ ಕಮಾನುಗಳ ಕೆಳಗೇ ಇಳಿಸುತ್ತಿದ್ದರು. ನಮ್ಮ ಪಶ್ಚಿಮ ಕರಾವಳಿಯ ಮೆಣಸು ಅರಬ್ಬರ ಹಡಗಿನಲ್ಲಿ ಕೆಂಪು ಸಮುದ್ರ ದಾಟಿ, ಈಜಿಪ್ಟಿನ ಅಲೆಕ್ಸಾಂಡ್ರಿಯ ಮುಟ್ಟಿ, ಅಲ್ಲಿಂದ ವೆನಿಸ್, ಜೆನೋವಾದವರ ಕೈಗೆ ಬರುತ್ತಿತ್ತು. ಶಿವಮೊಗ್ಗದಿಂದ ಘಟ್ಟ ಇಳಿದು ಬಲ್ಲ ನಿಮಗೆ, ಆ ಕಮಾನಿನ ಕೆಳಗೆ ನಿಂತು ಫರಿನಾಟಾ ಮೇಲೆ ಮೆಣಸು ಉದುರಿಸುವಾಗ ಇದು ನೆನಪಾದರೆ ನನಗೆ ಸಂತೋಷ.

ದಿನಗಳ ಬಗ್ಗೆ ಒಂದು ಮಾತು. ಏಪ್ರಿಲ್ 25 ಮತ್ತು ಮೇ 1 ಇಟಲಿಯಲ್ಲಿ ರಜೆ. ಸೋಮವಾರ ಗರಿಬಾಲ್ದಿ ಬೀದಿಯ ಮ್ಯೂಸಿಯಂಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ. ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರೂವರೆವರೆಗೆ ಸಣ್ಣ ಅಂಗಡಿಗಳೂ ಮುಚ್ಚುತ್ತವೆ, ಆ ಹೊತ್ತಿಗೆ ಅಮ್ಮನಿಗೆ ವಿಶ್ರಾಂತಿ ಕೊಡಿ. ಉಳಿಯಲು ಕೋಣೆ ಹಿಡಿಯುವಾಗ ಕಟ್ಟಡಕ್ಕೆ ಲಿಫ್ಟ್ ಇದೆಯಾ ಎಂದು ಬರೆದು ಕೇಳಿ. ಹಳೇ ಊರಿನಲ್ಲಿ ನಾಲ್ಕನೇ ಮಹಡಿ ಎಂದರೆ ಕಡಿದಾದ ಸ್ಲೇಟು ಮೆಟ್ಟಿಲು ಎಂಬತ್ತು, ತೊಂಬತ್ತು ಇರುತ್ತವೆ. ಟ್ಯೂರಿನ್ ರೈಲಿನಲ್ಲಿ ಬಂದವರು ಪ್ರಿಂಚಿಪೆ ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿಂದ ಮೆಟ್ರೊ ಹಿಡಿದು ಸ್ಯಾನ್ ಜೋರ್ಜೊದಲ್ಲಿ ಇಳಿದರೆ ಸೊತ್ತೊರೀಪಾ ಎದುರಿಗೇ ಇರುತ್ತದೆ.